ತಟ್ಟೆಯಲ್ಲಿದ್ದ ಎರಡು ಉಂಡೆ

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮನ ಬಲಗಾಲು ಇದ್ದಕ್ಕಿದ್ದಂತೆ ಮೊಣಕಾಲಿನ ತನಕ ನೆಲದೊಳಗೆ ಇಳಿದುಹೋಯಿತು. ಕೂಗು ಕೇಳಿ ಓಡಿಬಂದ ಇಬ್ಬರು ಗಂಡುಮಕ್ಕಳು ಆಕೆಯ ಕಂಕುಳಿಗೆ ಕೈಹಾಕಿ ಎತ್ತಿ, ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಕೂರಿಸಿದರು. ಪಾದ ಉಳುಕಿ ಆಗಲೇ ಬಾತುಕೊಳ್ಳುತ್ತಿತ್ತು. ಆದರೆ ಅಮ್ಮ ನೋವಿನ ಮಾತೇ ಆಡಲಿಲ್ಲ. ಮಣ್ಣು ಮೆತ್ತಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಒಳಗೆ ಏನೋ ನನ್ನ ಬೆರಳು ಮುಟ್ತು ಕಣ್ರೋ. ಬೆಚ್ಚಗಿತ್ತು," ಎಂದಳು.

ಅಲ್ಲಿಯವರೆಗೆ ಆ ಮನೆಯಲ್ಲಿ ಹೆಗ್ಗಣವೆಂದರೆ ಬರೀ ತಲೆನೋವಾಗಿತ್ತು. ಬೆಳಗೆದ್ದು ಹಿಂಬಾಗಿಲು ತೆಗೆದರೆ ಹಿತ್ತಲ ತುಂಬ ಯಾರೋ ಬುಟ್ಟಿಬುಟ್ಟಿ ಮಣ್ಣು ತಂದು ಸುರಿದ ಹಾಗೆ ಗುಡ್ಡೆಗಳು. ಅಮ್ಮ ನೆಟ್ಟ ಬದನೆ ಗಿಡಗಳು ನಿಂತಲ್ಲೇ ಬಾಡಿ, ಎಳೆದರೆ ಬೇರಿಲ್ಲದೆ ಕೈಗೆ ಬರುತ್ತಿದ್ದವು. ಬಿಲಕ್ಕೆ ನೀರು ಹೊಯ್ದರು. ಎಷ್ಟು ಕೊಡ ಹೊಯ್ದರೂ ನೆಲ ಗಟಗಟ ಕುಡಿದು ಸುಮ್ಮನಾಯಿತು. ಗಾಜಿನ ಚೂರು ತುಂಬಿದರು. ಹೆಗ್ಗಣ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆಗೆಯಿತು. ಪಕ್ಕದ ಮನೆಯ ಶಾಲಾ ವ್ಯಾನಿನ ಡ್ರೈವರ್ ತನ್ನ ದಪ್ಪ ಬೆಕ್ಕನ್ನು ತಂದು ಬಿಟ್ಟ. ಅದು ಹೆಗ್ಗಣವನ್ನು ಒಮ್ಮೆ ಮುಖಾಮುಖಿ ನೋಡಿ ಮಾಡು ಹತ್ತಿ ಕೂತದ್ದು, ಮಾರನೆಯ ದಿನದವರೆಗೂ ಇಳಿಯಲಿಲ್ಲ. "ನಮ್ಮ ಬೆಕ್ಕಿಗೆ ಜಗಳ ಅಂದ್ರೆ ಆಗಲ್ಲ ಕಣಪ್ಪ, ಮರ್ಯಾದಸ್ಥ," ಎಂದು ಅವನು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ.

ಮನೆಯಲ್ಲಿದ್ದವರು ಐದು ಜನ. ಅಣ್ಣ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ತಮ್ಮ ಬೇಕರಿಯಲ್ಲಿ ರಾತ್ರಿ ಪಾಳಿಯವನು. ಊರು ಏಳುವ ಹೊತ್ತಿಗೆ ಮೈತುಂಬ ಹಿಟ್ಟಿನ ವಾಸನೆ ಹೊತ್ತು ಮನೆಗೆ ಬರುವವನು. ಇವರ ಜೊತೆಗೆ ಅಮ್ಮ, ಮತ್ತು ಅಣ್ಣ ಅತ್ತಿಗೆಯ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅವಳಿಗೆ ಕಡ್ಲೆ ಎಂದೇ ಹೆಸರು ಅಂಟಿತ್ತು. ಇನ್ನೂ ಮಾತು ಪೂರ್ತಿ ಬಾರದ ವಯಸ್ಸು. ಚಿಕ್ಕಪ್ಪ ಎನ್ನಲು ಬಾಯಿ ತಿರುಗದೆ, ಅವನು ದಿನಾ ಜೇಬಿನಲ್ಲಿ ತರುತ್ತಿದ್ದ ಪುಟಾಣಿ ಬನ್ನನ್ನೂ ಅವನನ್ನೂ ಸೇರಿಸಿ 'ಬನ್ನಪ್ಪ' ಎಂದು ಕರೆದಳು. ಬೀದಿಯವರೆಲ್ಲ ಅದನ್ನೇ ಹಿಡಿದುಕೊಂಡರು. ಅವನ ಕೈಯಿಂದ ಏನು ಬಂದರೂ ಕಡ್ಲೆ ಕಣ್ಣುಮುಚ್ಚಿ ಬಾಯಿ ತೆರೆಯುತ್ತಿದ್ದಳು.

ಅಮ್ಮನ ಕಾಲು ಕುಸಿದ ಮೇಲೆ ಹೆದರಿಕೆ ಮನೆಯೊಳಗೂ ಬಂತು. ಹೊಲಿಗೆ ಯಂತ್ರ ನಿಲ್ಲಿಸಿದಾಗ ನೆಲದಡಿಯಲ್ಲಿ ಏನೋ ಕೆರೆಯುವುದು ಅತ್ತಿಗೆಗೆ ಕೇಳಿಸುತ್ತಿತ್ತು. ನೀರಿನ ತೊಟ್ಟಿಯ ಕಟ್ಟೆ ಒಂದು ಕಡೆಗೆ ವಾಲಿತು. ಕೊನೆಗೊಂದು ಮಧ್ಯಾಹ್ನ ಮಗು ಕಾಣುತ್ತಿಲ್ಲವೆಂದು ಅತ್ತಿಗೆ ಹಿತ್ತಲಿಗೆ ಬಂದು ನೋಡಿದರೆ, ಕಡ್ಲೆ ನೆಲದ ಮೇಲೆ ಬೋರಲು ಮಲಗಿ, ಬಲಗೈಯನ್ನು ಭುಜದವರೆಗೂ ಬಿಲದೊಳಗೆ ತೂರಿಸಿ, "ಬಾ, ಬಾ" ಎಂದು ಕರೆಯುತ್ತಿದ್ದಳು.

ಅತ್ತಿಗೆ ಮಗುವನ್ನು ಎಳೆದುಕೊಂಡು ಒಳಗೆ ಬಂದವಳು ಸಂಜೆಯವರೆಗೂ ನೆಲಕ್ಕೆ ಬಿಡಲಿಲ್ಲ. ಅಣ್ಣ ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ಹೇಳಿದಳು: "ಇನ್ನು ಆಟ ಸಾಕು. ವಿಷ ತನ್ನಿ."

ಅಣ್ಣ ಕಪ್ಪು ಪುಡಿಯ ಪೊಟ್ಟಣ ತಂದ. ಅಂಗಡಿಯ ಉಂಡೆಗಳನ್ನು ಹೆಗ್ಗಣ ಮೂಸಿಯೂ ನೋಡುವುದಿಲ್ಲ, ಅದಕ್ಕೆ ಬಾಯಲ್ಲಿ ನೀರೂರುವ ಹಾಗೆ ಏನಾದರೂ ಮಾಡಬೇಕು ಎಂದು ಗ್ಯಾರೇಜಿನಲ್ಲಿ ಯಾರೋ ಹೇಳಿದ್ದರು. ಆ ಮಾತು ಬಂದಾಗ ಎಲ್ಲರೂ ಬನ್ನಪ್ಪನ ಮುಖ ನೋಡಿದರು. ಅವನೂ ಎದೆಯುಬ್ಬಿಸಿದ. ಮರುದಿನ ಇಳಿಹೊತ್ತಿನಲ್ಲಿ ಹಿತ್ತಲ ಕಟ್ಟೆಯ ಮೇಲೆ ಕೂತು, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಹಿಟ್ಟು, ಬೆಣ್ಣೆ, ಸಕ್ಕರೆ, ಆ ಕಪ್ಪು ಪುಡಿ ಎಲ್ಲ ಸೇರಿಸಿ ಬೇಕರಿಯ ಹದಕ್ಕೇ ನಾದಿ, ಕುಟ್ಟಿದ ಕಡಲೆಕಾಯಿ ಬೀಜ ಹಾಕಿ ಉಂಡೆ ಕಟ್ಟತೊಡಗಿದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮೂಗು ಮುಚ್ಚಿಕೊಂಡು ನಕ್ಕಳು. "ಹೆಗ್ಗಣದ ಮದುವೆಗೆ ಆರ್ಡರ್ ಸಿಕ್ಕಿದೆಯಾ? ಇಷ್ಟು ಶ್ರದ್ಧೆಯಿಂದ ನಮಗೆ ಯಾವತ್ತೂ ಮಾಡಿಕೊಟ್ಟಿಲ್ಲವಲ್ಲ!"

"ಸಾಯೋ ಪ್ರಾಣಿ ಅತ್ತಿಗೆ, ರುಚಿಯಾಗಿ ತಿಂದು ಸಾಯ್ಲಿ."

"ಒಂದೂ ಹೊರಗೆ ಉಳೀಬಾರದು ನೋಡು. ಎಲ್ಲಾ ಬಿಲದೊಳಗೆ ಹಾಕಿ ಕಲ್ಲು ಮುಚ್ಚು. ಮಗು ಇರೋ ಮನೆ."

"ನಾನೇನು ಅಷ್ಟು ತಿಳಿಯದವನಾ?" ಎಂದ ಅವನು.

ಒಂದೊಂದು ಬಿಲಕ್ಕೂ ಕೋಲಿನಲ್ಲಿ ಉಂಡೆ ತಳ್ಳಿ ಮೇಲೆ ಕಲ್ಲು ಹೇರುತ್ತ ಹೋದ. ಕಡಲೆಕಾಯಿ ಬೀಜ ಮುಗಿದ ಮೇಲೂ ವಿಷ ಬೆರೆಸಿ ನಾದಿದ ಹಿಟ್ಟು ಒಂದು ಹಿಡಿ ಉಳಿದಿತ್ತು. ಜೇಬಿನಲ್ಲಿ ಬೇಕರಿಯ ಟೂಟಿ ಫ್ರೂಟಿಯ ಪುಟ್ಟ ಪೊಟ್ಟಣವಿತ್ತು, ಕಡ್ಲೆಗೆಂದು ಇಟ್ಟುಕೊಂಡದ್ದು. ಬರೀ ಹಿಟ್ಟಿನ ಉಂಡೆ ಮಾಡಲು ಅವನ ಕೈ ಒಪ್ಪಲಿಲ್ಲ. ಆ ಕೆಂಪು ಚೂರುಗಳನ್ನೇ ಸೇರಿಸಿ ಕೊನೆಯ ಎರಡು ಉಂಡೆ ಕಟ್ಟಿದ. ತೊಟ್ಟಿಯ ಪಕ್ಕದ ಬಿಲಕ್ಕೆ ಹಾಕಬೇಕೆಂದು ಏಳುವಷ್ಟರಲ್ಲಿ ಬೇಕರಿಯಿಂದ ಫೋನು. ಒಲೆ ಕೆಟ್ಟು ಹೊಗೆ ತುಂಬಿದೆ, ತಕ್ಷಣ ಬಾ ಎಂದು. ಅವನು ಉಂಡೆಗಳನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಒಗೆಯುವ ಕಟ್ಟೆಯ ಮೂಲೆಗೆ ಸರಿಸಿ, ಮೇಲೆ ಪ್ಲಾಸ್ಟಿಕ್ ಬೇಸಿನ್ ಕವುಚಿದ. ಬೆಳಿಗ್ಗೆ ಬಂದ ತಕ್ಷಣ ಹಾಕಿದರಾಯಿತು ಎಂದುಕೊಂಡ. ಕೈತೊಳೆದು ಹೊರಟುಹೋದ. ಯಾರಿಗೂ ಹೇಳಲಿಲ್ಲ.

ಆ ರಾತ್ರಿಯೆಲ್ಲ ಒಲೆಯ ಜೊತೆ ಗುದ್ದಾಡಿ ಬೆಳಿಗ್ಗೆ ಮನೆಗೆ ಬಂದಾಗ ಅವನಿಗೆ ಕಾಲೇ ನಿಲ್ಲುತ್ತಿರಲಿಲ್ಲ. ನೇರ ತನ್ನ ಕೋಣೆಗೆ ಹೋಗಿ ಅಂಗಿಯನ್ನೂ ಬಿಚ್ಚದೆ ಬಿದ್ದುಕೊಂಡ.

ನಿದ್ದೆಯ ಆಳದಲ್ಲಿ ಎಲ್ಲೋ ದೂರದಿಂದ ಅತ್ತಿಗೆಯ ದನಿ ಕೇಳಿಸಿತು. ಮುದ್ದು ಮಾಡುವ ದನಿ. "ಏನೇ ಅದು ಬಾಯಲ್ಲಿ? ಏನು ತಿಂತಿದ್ದೀಯ ಕಳ್ಳಿ? ಯಾರು ಕೊಟ್ರು? ಬನ್ನಪ್ಪ ಕೊಟ್ನಾ?"

ಅವನು ಮಗ್ಗುಲು ಬದಲಿಸಿದ. ಆಮೇಲೆ ತಟ್ಟೆಯ ನೆನಪಾಯಿತು.

ಎದ್ದದ್ದು, ಓಡಿದ್ದು, ಬಾಗಿಲ ಚೌಕಟ್ಟಿಗೆ ಹಣೆ ಬಡಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಹಿಂಬಾಗಿಲು ತೆರೆದಿತ್ತು. ಬೇಸಿನ್ ನೆಲದ ಮೇಲೆ ಉರುಳಿತ್ತು. ತಟ್ಟೆ ಮಣ್ಣಿನಲ್ಲಿ ಬೋರಲು ಬಿದ್ದಿತ್ತು. ಅದನ್ನೆತ್ತಿ ನೋಡಿದ, ಕೆಳಗೆ ಏನೂ ಇರಲಿಲ್ಲ. ಕಟ್ಟೆಯ ಪಕ್ಕದಲ್ಲೇ ಅತ್ತಿಗೆ ಕಡ್ಲೆಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬೆರಳಿನಿಂದ ಅವಳ ತುಟಿ ಒರೆಸುತ್ತಿದ್ದಳು. ಗಲ್ಲದ ಮೇಲೆ ತಿಂಡಿಯ ಪುಡಿ. ತುಟಿಯ ಮೂಲೆಯಲ್ಲಿ ಕೆಂಪು.

"ಅತ್ತಿಗೆ," ಎಂದ. "ಅತ್ತಿಗೆ, ತಟ್ಟೇಲಿ ಎರಡಿತ್ತು."

"ಏನೆರಡು?"

"ಉಂಡೆ. ಹಾಕೋದು ಉಳಿದುಹೋಗಿತ್ತು. ಟೂಟಿ ಫ್ರೂಟಿ ಹಾಕಿದ್ದು."

ಅತ್ತಿಗೆ ಕಿರುಚಲಿಲ್ಲ. ಮಗುವಿನ ಬಾಯೊಳಗೆ ಬೆರಳು ಹಾಕಿ ಸುತ್ತಲೂ ಕೆದಕಿದಳು. ಕಡ್ಲೆ ಬೆರಳನ್ನು ಕಚ್ಚಿ, ಅತ್ತಳು.

ಅಮ್ಮ ಕುಂಟುತ್ತ ಬಂದಳು. "ನಾನೇ ರಸ್ಕ್ ಕೊಟ್ಟಿದ್ದೆ ಕಣೇ ಅವಳಿಗೆ."

"ಯಾವಾಗ ಅಮ್ಮ? ಇವತ್ತಾ?" ಎಂದು ಬನ್ನಪ್ಪ ಅವಳ ತೋಳು ಹಿಡಿದ.

"ಇವತ್ತೇ... ಅಲ್ಲ, ನಿನ್ನೆನೋ... ಅಯ್ಯೋ, ದಿನಾ ಕೊಡ್ತೀನಲ್ಲೋ, ಯಾವತ್ತು ಅಂತ ಹೇಳ್ಲಿ?"

ಬನ್ನಪ್ಪ ಮಗುವಿನ ಮುಂದೆ ಮಂಡಿಯೂರಿದ. "ಕಡ್ಲೆ, ಪುಟ್ಟಾ, ಇಲ್ಲಿ ನೋಡು. ಈ ತಟ್ಟೇಲಿ ಇದ್ದದ್ದು ತಿಂದ್ಯಾ?"

"ಹೂಂ," ಎಂದಳು ಕಡ್ಲೆ.

"ನೀನೇ ತಿಂದ್ಯಾ?"

"ಹೂಂ."

"ತಿನ್ಲಿಲ್ಲ ಅಲ್ವಾ? ಹೆಗ್ಗಣ ತಿಂತಾ?"

"ಹೂಂ."

ಅವಳು ಎಲ್ಲದಕ್ಕೂ ಹೂಂ ಎನ್ನುವ ವಯಸ್ಸಿನಲ್ಲಿದ್ದಳು. ಹಿಂದಿನ ದಿನ ಇದೇ ಹೂಂ ಕೇಳಿ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಪಕ್ಕದ ಮನೆಯ ಡ್ರೈವರ್ ಅರ್ಧ ಕ್ಷೌರದ ಮುಖದಲ್ಲೇ ವ್ಯಾನು ತೆಗೆದ. ಅತ್ತಿಗೆ ಮಗುವನ್ನು ಎದೆಗೆ ಅವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಬನ್ನಪ್ಪ ವಿಷದ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲಿ ಕೂತ. ಕಡ್ಲೆಗೆ ವ್ಯಾನೆಂದರೆ ಖುಷಿ. ಅಳು ಮರೆತು ಕಿಟಕಿಯಾಚೆ ಕೈಚಾಚಿ, ಕಂಡ ನಾಯಿ, ಕಂಡ ಸೈಕಲ್ಲು ಎಲ್ಲದಕ್ಕೂ ಟಾಟಾ ಮಾಡಿದಳು. ಅವಳು ಒಂದು ಸಲ ಆಕಳಿಸಿದಾಗ ಅತ್ತಿಗೆಯ ಉಸಿರೇ ನಿಂತಿತು. "ಮಲಗಬೇಡ ಕಂದಾ, ಮಲಗಬೇಡ," ಎಂದು ಅವಳ ಕೆನ್ನೆ ತಟ್ಟುತ್ತಲೇ ಇದ್ದಳು.

ಆಸ್ಪತ್ರೆಯ ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವಿನ ಬಾಯಿ ಮೂಸಿದರು, ಕಣ್ಣು ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ಅವರ ದನಿ ತಗ್ಗಿತು. ಅವರು ಬೈದಿದ್ದರೆ ಬನ್ನಪ್ಪನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಎಷ್ಟು ತಿಂದಿದಾಳೆ?"

"ತಿಂದಿದಾಳೋ ಇಲ್ಲವೋ, ಅದೇ ಗೊತ್ತಿಲ್ಲ ಮೇಡಂ," ಎಂದ ಬನ್ನಪ್ಪ. "ಎರಡು ಉಂಡೆ ಇತ್ತು. ಈಗಿಲ್ಲ. ಹೆಗ್ಗಣ ಎತ್ಕೊಂಡು ಹೋಗಿದ್ರೂ ಹೋಗಿರಬಹುದು."

"ಒಂದು ಉಂಡೆ ಎಷ್ಟು ದಪ್ಪ?"

ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತಳತೆ ತೋರಿಸಿದ. ಕಡ್ಲೆಯ ಬಾಯಿಗೆ ಸರಿಯಾಗಿ ಹಿಡಿಸುವ ಗಾತ್ರ. ತೋರಿಸಿದ ಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

"ನೋಡಿ, ಮುಚ್ಚಿಟ್ಟು ಹೇಳಲ್ಲ," ಎಂದರು ಡಾಕ್ಟರು. "ಇದಕ್ಕೆ ಇಂಥದ್ದೇ ಅಂತ ಎದುರು ಮದ್ದಿಲ್ಲ. ಈಗ ಆಟ ಆಡ್ತಿದಾಳೆ ಅಂತ ನಾವು ಸಮಾಧಾನ ಮಾಡ್ಕೊಳ್ಳೋ ಹಾಗೂ ಇಲ್ಲ. ಮೊದಲು ಚೆನ್ನಾಗೇ ಇರ್ತಾರೆ, ಆಮೇಲೆ ಏರುತ್ತೆ. ತಿಂದಿದಾಳೆ ಅಂದ್ಕೊಂಡೇ ನಾನು ಶುರು ಮಾಡ್ತೀನಿ. ದೊಡ್ಡ ಆಸ್ಪತ್ರೆಯ ಆಂಬುಲೆನ್ಸಿಗೂ ಹೇಳ್ತೀನಿ, ಅದು ಬರೋದು ಹೊತ್ತಾಗುತ್ತೆ. ಅಷ್ಟರಲ್ಲಿ ಆ ಉಂಡೆ ಎಲ್ಲಾದ್ರೂ ಸಿಕ್ಕರೆ ನನಗೆ ಬಹಳ ಸಹಾಯ."

ಅತ್ತಿಗೆ ಬನ್ನಪ್ಪನ ಕಡೆ ತಿರುಗಲಿಲ್ಲ. ಮಗುವಿನ ಕೈಗೆ ಸೂಜಿ ಚುಚ್ಚುತ್ತಿದ್ದ ನರ್ಸನ್ನು ನೋಡುತ್ತಲೇ ಹೇಳಿದಳು. "ಹೋಗು. ಹಿತ್ತಲನ್ನೆಲ್ಲ ಅಗಿ. ಮನೆ ಬಿದ್ದುಹೋದ್ರೂ ಪರವಾಗಿಲ್ಲ. ಅದನ್ನ ಹುಡುಕದೆ ನನಗೆ ಮುಖ ತೋರಿಸಬೇಡ."

ವ್ಯಾನು ಮನೆ ಮುಟ್ಟುವ ಹೊತ್ತಿಗೆ ಅಣ್ಣ ಗ್ಯಾರೇಜಿನಿಂದ ಬಂದಿದ್ದ. ಅಮ್ಮ ಎಲ್ಲ ಹೇಳಿದ್ದಳೆಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಗುದ್ದಲಿ. ಈಗ ಹೊಡೆಯುತ್ತಾನೆ ಎಂದುಕೊಂಡ ಬನ್ನಪ್ಪ. ಹೊಡೆಯಲಿ ಎಂದೂ ಅನ್ನಿಸಿತು. ಅಣ್ಣ ಗುದ್ದಲಿಯನ್ನು ಅವನ ಕೈಗೆ ಕೊಟ್ಟು, "ಎಲ್ಲಿಂದ ಶುರು ಮಾಡೋಣ?" ಎಂದಷ್ಟೇ ಕೇಳಿದ.

ಕಟ್ಟೆಯ ಬುಡದಿಂದ ತೊಟ್ಟಿಯ ಕಡೆಗೆ ಮಣ್ಣಿನಲ್ಲಿ ಏನೋ ಎಳೆದ ಗುರುತಿತ್ತು. ತೊಟ್ಟಿಯ ಪಕ್ಕದ ಬಿಲದ ಬಾಯಲ್ಲಿ ಅಮ್ಮ ಬಗ್ಗಿ ನೋಡಿ ಒಂದು ಕೆಂಪು ಚೂರನ್ನು ಉಗುರಿನಲ್ಲಿ ಎತ್ತಿದಳು. ಟೂಟಿ ಫ್ರೂಟಿ. ಒಂದೇ ಒಂದು ಚೂರು. ಬನ್ನಪ್ಪನ ಎದೆ ಹಾರಿತು. ಆದರೆ ಅಣ್ಣ ತಲೆಯಾಡಿಸಿದ. "ಮಗು ಬಿಲದ ಹತ್ತಿರ ಬಂದು ಕೂರುತ್ತೆ. ಅವಳ ಕೈಯಿಂದ ಬಿದ್ದಿರಬಹುದು. ಉಂಡೆ ಬೇಕು. ಎರಡೂ ಬೇಕು."

ಅಗೆದರು. ಮೇಲಿನಿಂದ ಗಟ್ಟಿ ಕಾಣುತ್ತಿದ್ದ ನೆಲ ಒಳಗೆ ಪೊಳ್ಳು. ಹಾರೆ ಹಾಕಿದಲ್ಲೆಲ್ಲ ಧೊಪ್ಪೆಂದು ಕುಸಿಯುತ್ತಿತ್ತು. ಬಿಲ ಒಂದು ಮಾರು ಹೋಗಿ ಕವಲೊಡೆಯಿತು. ಒಂದು ಬೇಲಿಯ ಕಡೆ, ಒಂದು ಕಟ್ಟೆಯ ಕಡೆ, ಮತ್ತೊಂದು ನೇರ ಮನೆಯ ಪಾಯದಡಿಗೆ. ಅಗೆದ ಮಣ್ಣನ್ನು ಅಮ್ಮ ಹಿಟ್ಟಿನ ಜರಡಿಯಲ್ಲಿ ಹಾಕಿ ಗಾಳಿಸುತ್ತಿದ್ದಳು. ಉಳುಕಿದ ಕಾಲನ್ನು ಮುಂದಕ್ಕೆ ಚಾಚಿ, ಕಣ್ಣನ್ನು ಜರಡಿಗೇ ಅಂಟಿಸಿ ಕೂತಿದ್ದವಳು ನಡುನಡುವೆ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು: "ಇವತ್ತೇ ಕೊಟ್ಟಿದ್ದು ರಸ್ಕು. ಇವತ್ತೇ ಇರ್ಬೇಕು." ಡ್ರೈವರ್ ಮಣ್ಣಿನ ಬುಟ್ಟಿ ಹೊತ್ತ. ಅಣ್ಣನ ಜೇಬಿನಲ್ಲಿದ್ದ ಫೋನು ಯಾವಾಗ ಬಡಿದುಕೊಳ್ಳುತ್ತದೋ ಎಂದು ಎಲ್ಲರ ಕಿವಿಯೂ ಅಲ್ಲೇ ಇತ್ತು.

ಬೇಲಿಯ ಕಡೆಯ ಕವಲಿನ ಕೊನೆಗೆ ಒಂದು ಗುಹೆಯಂಥ ಜಾಗ ಸಿಕ್ಕಿತು. ಹೆಗ್ಗಣದ ಉಗ್ರಾಣ. ಸೋಪಿನ ತುಂಡು, ಚಮಚ, ಅತ್ತಿಗೆ ತಿಂಗಳಿಂದ ಹುಡುಕುತ್ತಿದ್ದ ದಾರದ ಉಂಡೆ, ಕಡ್ಲೆಯ ಒಂದು ಕಾಲುಚೀಲ. ಬನ್ನಪ್ಪ ಬೋರಲು ಮಲಗಿ, ಕೈಗೆ ಚೀಲ ಸುತ್ತಿಕೊಂಡು, ಭುಜದವರೆಗೂ ತೋಳು ತೂರಿಸಿ ತಡಕಿದ. ಒಳಗಿನ ಗಾಳಿ ಬೆಚ್ಚಗೆ, ಹಸಿಯಾಗಿ, ಹೊಲಸು ನಾರುತ್ತಿತ್ತು. ಏನೋ ದುಂಡಗಿನದು ಬೆರಳಿಗೆ ಸಿಕ್ಕಿತು. ಎಳೆದು ಬೆಳಕಿಗೆ ತಂದ.

ಉಂಡೆ. ಮಣ್ಣು ಮೆತ್ತಿತ್ತು. ಒಂದು ಕಡೆ ಹಲ್ಲಿನ ಗುರುತಿತ್ತು, ಆದರೆ ಪೂರ್ತಿಯಾಗಿತ್ತು. ಕೆಂಪು ಚೂರುಗಳು ಕಾಣುತ್ತಿದ್ದವು.

"ಒಂದು," ಎಂದ ಅಣ್ಣ. "ಇನ್ನೊಂದು."

ಕಟ್ಟೆಯ ಕಡೆಯ ಕವಲಿಗೆ ತಿರುಗಿದರು. ಅಣ್ಣ ಹುಚ್ಚನಂತೆ ಹಾರೆ ಬೀಸುತ್ತಿದ್ದ. ಐದಾರು ಏಟಿಗೆ ಠಣ್ಣೆಂದು ಸದ್ದಾಯಿತು, ಮರುಕ್ಷಣ ನೆಲದೊಳಗಿಂದ ನೀರು ಚಿಮ್ಮಿತು. ತೊಟ್ಟಿಗೆ ಹೋಗುವ ಪೈಪು ಒಡೆದಿತ್ತು. ಕೆಸರುನೀರು ಬಿಲದೊಳಕ್ಕೆ ನುಗ್ಗತೊಡಗಿತು.

"ನಿಲ್ಸಿ! ನೀರು ನಿಲ್ಸಿ!" ಎಂದು ಬನ್ನಪ್ಪ ಅರಚಿದ. ಹಿಟ್ಟಿನ ಉಂಡೆ ನೀರಿಗೆ ಎಷ್ಟು ಬೇಗ ಕರಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರಗಿದರೆ ಮುಗಿಯಿತು; ಅದು ಅಲ್ಲಿತ್ತೋ, ಮಗುವಿನ ಹೊಟ್ಟೆಯಲ್ಲಿತ್ತೋ ಯಾರಿಗೂ ತಿಳಿಯುವುದಿಲ್ಲ. ಡ್ರೈವರ್ ಮುಂಬಾಗಿಲಿಗೆ ಓಡಿ ಬೀದಿಯ ಬದಿಯ ವಾಲ್ವು ತಿರುಗಿಸತೊಡಗಿದ. ಅದು ತುಕ್ಕು ಹಿಡಿದಿತ್ತು. ಬನ್ನಪ್ಪ ಅಂಗಿ ಕಿತ್ತು ಪೈಪಿಗೆ ಸುತ್ತಿ, ಮೈಭಾರವನ್ನೆಲ್ಲ ಹಾಕಿ ಒತ್ತಿಹಿಡಿದ. ನೀರು ಬೆರಳ ಸಂದಿಯಿಂದ ಮುಖಕ್ಕೆ ಹಾರುತ್ತಲೇ ಇತ್ತು. ಅಮ್ಮ ಜರಡಿಯಿಂದಲೇ ಮಣ್ಣು ಬಾಚಿ ಬಿಲದ ಬಾಯಿಗೆ ಅಡ್ಡಗಟ್ಟು ಕಟ್ಟಿದಳು.

ಆಗ ಫೋನು ಬಡಿಯಿತು.

ಅಣ್ಣ ಕೆಸರುಕೈಯಲ್ಲೇ ಎತ್ತಿದ. ಆಚೆಯಿಂದ ಅತ್ತಿಗೆಯ ದನಿ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು. "ವಾಂತಿ ಮಾಡ್ಕೊಂಡ್ಲು ರೀ. ಎರಡು ಸಲ. ಸುಸ್ತಾಗಿ ಮಲಗಿಬಿಟ್ಟಿದಾಳೆ. ಎಬ್ಬಿಸಿದ್ರೂ ಕಣ್ಣು ಸರಿಯಾಗಿ ಬಿಡ್ತಿಲ್ಲ. ಸಿಕ್ತಾ? ಸಿಕ್ತಾ ಹೇಳಿ!"

"ಒಂದು ಸಿಕ್ಕಿದೆ," ಎಂದ ಅಣ್ಣ.

ಅತ್ತಿಗೆ ಬಹಳ ಸಣ್ಣ ದನಿಯಲ್ಲಿ, "ಹಾಗಾದ್ರೆ ಒಂದು ತಿಂದಿದಾಳೆ," ಎಂದಳು.

ಅಣ್ಣನ ಕೈಯಿಂದ ಫೋನು ಜಾರಿ ಮಣ್ಣಿಗೆ ಬಿತ್ತು. ಅವನು ಅಲ್ಲೇ ಕುಸಿದು ಕೂತ. ಲಾರಿಯ ಇಂಜಿನ್ನನ್ನು ಒಂಟಿಯಾಗಿ ಎಳೆದು ಹೊರಗಿಡುವ ಮನುಷ್ಯ, ಮಗುವಿನ ಕಾಲುಚೀಲವನ್ನು ಹಿಡಿದು ನೋಡುತ್ತ ಕೂತುಬಿಟ್ಟ. ಬನ್ನಪ್ಪನಿಗೆ ಅಳುವೂ ಬರಲಿಲ್ಲ. ತಾನು ನಾದಿದ ಹಿಟ್ಟು. ತಾನು ಹಾಕಿದ ಬೆಣ್ಣೆ. ರುಚಿಯಾಗಿ ತಿಂದು ಸಾಯಲಿ ಎಂದ ಬಾಯಿ ತನ್ನದೇ.

ಬೀದಿಯ ಕಡೆಯಿಂದ ಡ್ರೈವರ್ ಕೂಗಿದ: "ನಿಂತೋಯ್ತು ನೋಡ್ರೋ!" ಅಂಗಿಯಡಿಯಲ್ಲಿ ನೀರಿನ ಒತ್ತಡ ಇಳಿಯಿತು. ಬನ್ನಪ್ಪ ಅಣ್ಣನ ಪಕ್ಕದಲ್ಲಿ ಬಿದ್ದಿದ್ದ ಹಾರೆಯನ್ನು ಎತ್ತಿಕೊಂಡು ಒಗೆಯುವ ಕಟ್ಟೆಯ ಬುಡಕ್ಕೆ ಹಾಕಿದ. ಅಪ್ಪ ಬದುಕಿದ್ದಾಗ ಕಟ್ಟಿಸಿದ ಸಿಮೆಂಟಿನ ಕಟ್ಟೆ ಅದು. ಏಟಿಗೆ ಅಂಗೈ ಚರ್ಮ ಕಿತ್ತು ಬಂತು. ಎರಡನೆಯ ಏಟಿಗೆ ಬಿರುಕು ಬಿಟ್ಟಿತು. ಅಣ್ಣನೂ ಎದ್ದು ಬಂದು ಭುಜ ಕೊಟ್ಟ. ಇಬ್ಬರೂ ಸೇರಿ ಮೀಟಿದಾಗ ಕಲ್ಲುಹಾಸು ಒಂದು ಕಡೆಗೆ ಎದ್ದು ನಿಂತು, ಹಿಂದಕ್ಕೆ ಉರುಳಿತು.

ಅದರಡಿಯಲ್ಲಿ ಗೂಡು. ಹರಿದ ಬಟ್ಟೆ, ಕಾಗದ, ಹುಲ್ಲು ಸೇರಿಸಿ ಮಾಡಿದ ಮೆತ್ತನೆಯ ಹಾಸಿಗೆ. ಅದರ ಮೇಲೆ, ಬೆಕ್ಕಿನಷ್ಟೇ ದೊಡ್ಡದೊಂದು ಹೆಗ್ಗಣ ಮಗ್ಗುಲಾಗಿ, ಹಲ್ಲು ಕಿರಿದುಕೊಂಡು ಸತ್ತುಬಿದ್ದಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು, ಇನ್ನೂ ಕಣ್ಣುಬಿಡದ ಗುಲಾಬಿ ಬಣ್ಣದ ಮರಿಗಳು ಹಾಲಿಗಾಗಿ ಮುಲುಗುಟ್ಟುತ್ತಿದ್ದವು. ನೀರು ಗೂಡಿನ ಅಂಚಿನವರೆಗೆ ಬಂದು ನಿಂತಿತ್ತು.

ಅಮ್ಮ ಮುಖ ತಿರುಗಿಸಿದಳು. ಬನ್ನಪ್ಪ ಬಗ್ಗಿದ. ಹೆಗ್ಗಣದ ಮುಂಗಾಲುಗಳ ನಡುವೆ, ಯಾರೋ ಕೈಯಲ್ಲಿ ಹಿಡಿಸಿದ ಹಾಗೆ, ಅರ್ಧ ಉಂಡೆ ಇತ್ತು. ಕೆಂಪು ಚೂರುಗಳ ಉಂಡೆ.

"ಅರ್ಧ," ಎಂದ. "ಅರ್ಧ ಇದೆ ಅಣ್ಣ. ಇನ್ನರ್ಧ?"

ಅಣ್ಣ ಕಡ್ಡಿಯೊಂದನ್ನು ತೆಗೆದುಕೊಂಡು ಸತ್ತ ಪ್ರಾಣಿಯ ದವಡೆ ಬಿಡಿಸಿದ. ಹಲ್ಲಿನ ಸಂದಿಯಲ್ಲಿ ಹಿಟ್ಟು ಮೆತ್ತಿತ್ತು. ಮೀಸೆಯಲ್ಲಿ ಒಂದು ಕೆಂಪು ಚೂರು ಸಿಕ್ಕಿಕೊಂಡಿತ್ತು. ಅಣ್ಣ ಕಡ್ಡಿಯನ್ನು ಎಸೆದು, ತಮ್ಮನ ಕೆಸರುತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಎದೆಗೆ ಒತ್ತಿಕೊಂಡ. ಎಷ್ಟು ಬಿಗಿಯಾಗಿ ಒತ್ತಿಕೊಂಡನೆಂದರೆ ಬನ್ನಪ್ಪನಿಗೆ ಉಸಿರು ಕಟ್ಟಿತು.

ಡಬ್ಬಿಯೊಂದರಲ್ಲಿ ಎರಡನ್ನೂ ಹಾಕಿಕೊಂಡು ಆಸ್ಪತ್ರೆಗೆ ಹೋದಾಗ ಆಂಬುಲೆನ್ಸ್ ಆಗಲೇ ಬಂದು ಅಂಗಳದಲ್ಲಿ ನಿಂತಿತ್ತು. ಡಾಕ್ಟರು ಡಬ್ಬಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ತಟ್ಟೇಲಿದ್ದದ್ದು ಇವೇನಾ? ಬಿಲಕ್ಕೆ ಹಾಕಿದ್ದು ಅಲ್ಲವಾ?"

"ಕೆಂಪು ಹಾಕಿದ್ದು ಇವೆರಡಕ್ಕೇ ಮೇಡಂ. ನಾನೇ ಮಾಡಿದ್ದು. ನನ್ನ ಕೈಕೆಲಸ ನನಗೆ ಗೊತ್ತು."

"ವಾಂತಿ ಆಗಿದ್ದು ನಾವು ಕುಡಿಸಿದ ಔಷಧಿಗೇ ಇರಬಹುದು. ಅಳುತ್ತಾ ಅಳುತ್ತಾ ಸುಸ್ತಾಗಿದೆ ಮಗು." ಅವರು ಒಂದು ಟ್ರೇ ತೋರಿಸಿದರು. "ಇದರಲ್ಲಿ ಕೆಂಪು ಬಣ್ಣದ ಗಟ್ಟಿ ಚೂರು ಬಂದಿದೆ. ಹಣ್ಣಿನದ್ದಲ್ಲ, ಸುಣ್ಣದ ಥರ ಇದೆ. ಏನಿದು?"

ಅತ್ತಿಗೆ ಬಗ್ಗಿ ನೋಡಿದಳು. ಬಟ್ಟೆಯ ಮೇಲೆ ಗುರುತು ಹಾಕುವ ಕೆಂಪು ಸೀಮೆಸುಣ್ಣ. ಯಂತ್ರದ ಪಕ್ಕದಲ್ಲೇ ಇಡುತ್ತಿದ್ದಳು. ಅವಳು ನಗಲು ಹೋಗಿ, ಅದು ನಗುವಾಗದೆ, ಗೋಡೆಗೆ ಒರಗಿ ಜಾರುತ್ತ ಜಾರುತ್ತ ನೆಲದ ಮೇಲೆ ಕೂತು ಬಿಕ್ಕತೊಡಗಿದಳು.

ಆಂಬುಲೆನ್ಸ್ ವಾಪಸು ಹೋಯಿತು. ಆದರೂ ಡಾಕ್ಟರು ಮಗುವನ್ನು ಅಂದು ಬಿಡಲಿಲ್ಲ. ರಕ್ತ ಪರೀಕ್ಷೆ ಇನ್ನೊಮ್ಮೆ ಆಗಬೇಕು ಎಂದರು. ಮಾರನೆಯ ಬೆಳಿಗ್ಗೆ ಕಡ್ಲೆ ಮಂಚದ ಮೇಲೆ ಎದ್ದು ನಿಂತು, ಡಾಕ್ಟರ ಕೊರಳಿನ ಸ್ಟೆತಸ್ಕೋಪ್ ಬೇಕೆಂದು ರಂಪ ಹಿಡಿದಾಗಲೇ ಮನೆಗೆ ಹೋಗಲು ಅಪ್ಪಣೆ ಸಿಕ್ಕಿದ್ದು.

ಅಷ್ಟರಲ್ಲಿ ಅಣ್ಣ ಎಲ್ಲ ಬಿಲಗಳನ್ನೂ ಅಗೆದು, ಹಾಕಿದ್ದ ಒಂದೊಂದು ಉಂಡೆಯನ್ನೂ ಆರಿಸಿ ಹೊರತೆಗೆದಿದ್ದ. ಮರಿಗಳನ್ನು ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಿತ್ತಲು ಬಾಂಬು ಬಿದ್ದ ಹಾಗಿತ್ತು. ಮುಂದೆ ಅದಕ್ಕೆಲ್ಲ ಕಲ್ಲು ತುಂಬಿ, ತಂತಿಬಲೆ ಹಾಸಿ, ಮೇಲೆ ಗಾರೆ ಹಾಕಿದರು. ಹೆಗ್ಗಣಗಳು ಬೇಲಿ ದಾಟಿ ಡ್ರೈವರನ ಹಿತ್ತಲಿಗೆ ಬಿಡಾರ ಬದಲಿಸಿದವು. ಅವನು ಬೇಲಿಯಾಚೆಯಿಂದ, "ನಿಮ್ಮ ನೆಂಟರು ಬಂದಿದಾರೆ, ಕರ್ಕೊಂಡು ಹೋಗ್ರಪ್ಪ," ಎನ್ನುತ್ತಿದ್ದ. ಆದರೆ ವಿಷದ ಸುದ್ದಿಯನ್ನು ಆ ಬೀದಿಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಮಗು ಮನೆಗೆ ಬಂದ ದಿನ ಸಂಜೆ, ಬನ್ನಪ್ಪ ಆ ತಟ್ಟೆ, ಬೇಸಿನ್, ಕೋಲು, ಉಳಿದ ಪುಡಿ ಎಲ್ಲವನ್ನೂ ಹಿತ್ತಲ ಮೂಲೆಯ ಆಳದ ಗುಂಡಿಗೆ ಹಾಕಿ ಮಣ್ಣು ಎಳೆದ. ಮೇಲೊಂದು ಚಪ್ಪಡಿ ಹೇರಿದ. ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಪೈಪು ಒಡೆದದ್ದರಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಅವನು ಮಣ್ಣುಕೈಯನ್ನು ಮುಂದೆ ಹಿಡಿದುಕೊಂಡು, ಯಾವುದನ್ನೂ ಮುಟ್ಟಲಾರದೆ ನಿಂತುಬಿಟ್ಟ.

ಅತ್ತಿಗೆ ಒಳಗೆ ಹೋಗಿ ಪಕ್ಕದ ಮನೆಯಿಂದ ತಂದಿಟ್ಟಿದ್ದ ಕೊಡವನ್ನೂ ಚೊಂಬು, ಸೋಪನ್ನೂ ತಂದಳು. "ಹಿಡಿ," ಎಂದಳು.

ಅವನು ಕೈಯೊಡ್ಡಿದ. ಅವಳು ಚೊಂಬಿನಿಂದ ನೀರು ಹೊಯ್ದಳು. ಅವನು ಮೊಣಕೈಯವರೆಗೂ ತಿಕ್ಕಿದ, ಉಗುರ ಸಂದಿ ತಿಕ್ಕಿದ, ಅಂಗೈಯ ಗಾಯಕ್ಕೆ ಸೋಪು ತಾಗಿ ಉರಿದರೂ ತಿಕ್ಕಿದ. ತೊಳೆದು, ಮತ್ತೆ ಸೋಪು ಹಚ್ಚಿದ. ಮತ್ತೆ ತೊಳೆದ.

"ಸಾಕು," ಎಂದಳು ಅತ್ತಿಗೆ.

ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಸೋಪು ತೆಗೆದುಕೊಂಡ. ಅವಳು ಅವನ ಮುಖ ನೋಡಿದಳು. ಬಿಟ್ಟು ಒಳಗೆ ಹೋಗಲಿಲ್ಲ. ಕೊಡವನ್ನು ಸೊಂಟಕ್ಕೆ ಆನಿಸಿಕೊಂಡು, ಚೊಂಬು ತುಂಬಿ, ಮತ್ತೆ ಅವನ ಕೈಮೇಲೆ ನಿಧಾನವಾಗಿ ನೀರು ಹೊಯ್ಯತೊಡಗಿದಳು.